ಬಿಚ್ಚಲು ಬರುವಂತೆ ಕಟ್ಟಿದ ಮನೆಗಳು

ಜಪಾನಿನ ನಾರಾ ನಗರದಲ್ಲಿ ಯಾಕುಶಿಜಿ ಎಂಬ ಬೌದ್ಧ ದೇವಾಲಯವಿದೆ. ಅದರ ಪೂರ್ವ ಗೋಪುರ ಕ್ರಿ.ಶ. 730ರದ್ದು. ಎತ್ತರ ಸುಮಾರು 34 ಮೀಟರ್. ಇರುವುದು ಮೂರೇ ಅಂತಸ್ತು. ನಡುನಡುವೆ ಕಿರುಮಾಡುಗಳಿರುವುದರಿಂದ ಮೊದಲ ಸಲ ನೋಡಿದವರು ಆರು ಎಂದು ಎಣಿಸುತ್ತಾರೆ. 2009ರಲ್ಲಿ ಈ ಗೋಪುರವನ್ನು ದುರಸ್ತಿಗೆ ತೆಗೆದುಕೊಂಡರು. ಸುತ್ತಲೂ ಭಾರಿ ಶೆಡ್ಡು ನಿಲ್ಲಿಸಿ, ತುದಿಯ ಕಳಶದಿಂದ ಶುರುಮಾಡಿ ಹಂಚು, ಪಕಾಸಿ, ಬೋದಿಗೆ, ತೊಲೆ, ಕಂಬ ಎಂದು ಒಂದೊಂದಾಗಿ ಬಿಚ್ಚಿ ಕೆಳಗಿಳಿಸಿದರು. ನಡುಗಂಬದ ಬುಡ ತಿಂದುಹೋಗಿ ಟೊಳ್ಳಾಗಿತ್ತು. ಹಾಳಾದಷ್ಟನ್ನು ತೆಗೆದು ಅಲ್ಲಿಗೆ ಹೊಸ ಮರ ಸೇರಿಸಿದರು. ಉಳಿದವನ್ನು ಇದ್ದಂತೆಯೇ ಮತ್ತೆ ಜೋಡಿಸಿದರು. 2020ರ ಹೊತ್ತಿಗೆ ಗೋಪುರ ಮೊದಲಿನಂತೆ ಎದ್ದು ನಿಂತಿತ್ತು.

ಸುಮಾರು 1,300 ವರ್ಷ ಹಳೆಯ ಕಟ್ಟಡವನ್ನು ಕಳಚಿ, ಮತ್ತೆ ಅದೇ ಕಟ್ಟಡವಾಗಿ ನಿಲ್ಲಿಸಲು ಸಾಧ್ಯವಾದದ್ದು ಹೇಗೆ? ಕ್ರೇನು, ಕಂಪ್ಯೂಟರುಗಳ ಸಹಾಯ ಇತ್ತು, ನಿಜ. ಆದರೆ ಮೂಲ ಕಾರಣ ಎಂಟನೇ ಶತಮಾನದ ಬಡಗಿಗಳ ಕೆಲಸದಲ್ಲಿದೆ. ಅವರು ಗೋಪುರವನ್ನು ಬಿಚ್ಚಲು ಬರುವಂತೆಯೇ ಕಟ್ಟಿದ್ದರು. ಜಪಾನಿನ ಸಾಂಪ್ರದಾಯಿಕ ವಾಸ್ತುವಿನ ಒಂದೊಂದು ಅಂಗವನ್ನು ಗಮನಿಸುತ್ತ ಹೋದರೂ ಈ ಗುಣವೇ ಎದುರಾಗುತ್ತದೆ. ಕಂಬ, ಕೀಲು, ಸೂರು, ಚಾಪೆ, ಕಾಗದದ ಬಾಗಿಲು, ಎಲ್ಲವೂ ಸವೆಯುತ್ತವೆ ಎಂದು ಮೊದಲೇ ಒಪ್ಪಿಕೊಂಡು, ಸವೆದದ್ದನ್ನು ಬದಲಿಸುವ ದಾರಿಯನ್ನು ಕಟ್ಟುವಾಗಲೇ ಬಿಟ್ಟಿರುತ್ತಾರೆ. ಮರದ ಕಟ್ಟಡಗಳು ಸಾವಿರ ವರ್ಷ ಬಾಳಿದ್ದರ ಗುಟ್ಟು ಇದು.

ಕಲ್ಲಿನ ಮೇಲೆ ನಿಂತ ಕಂಬ

ಜಪಾನಿನಲ್ಲಿ ಮಳೆ ಹೆಚ್ಚು, ಬೇಸಿಗೆಯಲ್ಲಿ ಸೆಖೆ, ಶರತ್ಕಾಲದಲ್ಲಿ ಚಂಡಮಾರುತ. ಭೂಕಂಪಕ್ಕಂತೂ ಹೊತ್ತುಗೊತ್ತಿಲ್ಲ. ಬೆಟ್ಟಗಳಲ್ಲಿ ಕಾಡು ದಟ್ಟವಾಗಿದ್ದುದರಿಂದ ಕಟ್ಟಲು ಮರವೇ ಮೊದಲ ಆಯ್ಕೆಯಾಯಿತು. ಅದರಲ್ಲೂ ಹಿನೋಕಿ ಎಂಬ ಸೈಪ್ರಸ್ ಜಾತಿಯ ಮರ. ನೇರ ಎಳೆ, ಹಿತವಾದ ವಾಸನೆ, ಹುಳುವಿಗೂ ತೇವಕ್ಕೂ ಸುಲಭಕ್ಕೆ ಬಗ್ಗದ ಗುಣ. ಹಿನೋಕಿಯನ್ನು ಕಡಿದ ಮೇಲೆ ಸುಮಾರು 200 ವರ್ಷಗಳವರೆಗೆ ಅದರ ಗಟ್ಟಿತನ ಏರುತ್ತ ಹೋಗಿ, ಆಮೇಲೆ ಬಹಳ ನಿಧಾನವಾಗಿ ಇಳಿಯುತ್ತದೆ ಎಂದು ಮರವಿಜ್ಞಾನಿ ಕೋಹಾರಾ ಜಿರೋ ಪರೀಕ್ಷೆಗಳಿಂದ ತೋರಿಸಿದ್ದಾರೆ.

ಕಂಬವನ್ನು ನೆಲದಲ್ಲಿ ಹೂತರೆ ಬುಡ ಕೊಳೆಯುತ್ತದೆ. ಅದಕ್ಕೆ ಬೌದ್ಧ ದೇವಾಲಯಗಳ ಕಾಲದಿಂದ ಕಂಬವನ್ನು ಕಲ್ಲಿನ ಮೇಲೆ ನಿಲ್ಲಿಸುವ ಪದ್ಧತಿ ಬಂತು. ಕಾಲಾಂತರದಲ್ಲಿ ಸಾಮಾನ್ಯರ ಮನೆಗಳೂ ಅದನ್ನು ಅನುಸರಿಸಿದವು. ಹಳ್ಳಿಮನೆಗಳಲ್ಲಿ ಈ ಕಲ್ಲನ್ನು ಕೆತ್ತಿ ಸಮ ಮಾಡುತ್ತಿರಲಿಲ್ಲ. ಹೊಳೆಯಿಂದಲೋ ಗುಡ್ಡದಿಂದಲೋ ತಂದ ಉಬ್ಬುತಗ್ಗಿನ ಕಲ್ಲು ಹಾಗೇ ಇರುತ್ತಿತ್ತು. ಬದಲಿಗೆ ಕಂಬದ ಬುಡವನ್ನೇ ಕಲ್ಲಿನ ಆಕಾರಕ್ಕೆ ಕೆತ್ತುತ್ತಿದ್ದರು. ಬಡಗಿ ಕಂಬವನ್ನು ಕಲ್ಲಿನ ಮೇಲೆ ತೂಗುಹಾಕಿ, ಕಲ್ಲಿನ ಏರಿಳಿತವನ್ನು ಕಂಬದ ಬುಡದ ಸುತ್ತ ಗೆರೆಯಾಗಿ ಎಳೆದುಕೊಂಡು, ಉಳಿಯಿಂದ ಅಷ್ಟಷ್ಟೇ ತೆಗೆಯುತ್ತಾನೆ. ಕೂರಿಸಿ ನೋಡುತ್ತಾನೆ, ಎತ್ತುತ್ತಾನೆ, ಮತ್ತೆ ಕೆತ್ತುತ್ತಾನೆ. ಕೊನೆಗೆ ಮರ ಕಲ್ಲನ್ನು ಎಡೆಯಿಲ್ಲದಂತೆ ಅಪ್ಪಿ ಕೂರುತ್ತದೆ. ಗಾರೆಯಿಲ್ಲ, ಬೋಲ್ಟಿಲ್ಲ. ಕಂಬವನ್ನು ಹಿಡಿದಿರುವುದು ಮನೆಯ ಭಾರ ಮಾತ್ರ. ನೆಲ ನಡುಗಿದಾಗ ಕಂಬ ಕಲ್ಲಿನ ಮೇಲೆ ಕೊಂಚ ಸರಿದು ತನ್ನ ಮೇಲೆ ಬೀಳುವ ಹೊಡೆತವನ್ನು ತಗ್ಗಿಸಿಕೊಳ್ಳಬಲ್ಲದು.

ಕಂಬಗಳು ವಾಲದಂತೆ ಹಿಡಿಯುವುದಕ್ಕೆ ‘ನುಕಿ’ ಎಂಬ ಅಡ್ಡಪಟ್ಟಿಗಳಿವೆ. ಕಂಬದಲ್ಲಿ ತೂತು ಕೊರೆದು, ಪಟ್ಟಿಯನ್ನು ಒಂದು ಕಂಬದಿಂದ ಇನ್ನೊಂದಕ್ಕೆ ಪೋಣಿಸಿ, ಬೆಣೆ ಹೊಡೆದು ಬಿಗಿ ಮಾಡುತ್ತಾರೆ. 1180ರ ಯುದ್ಧದಲ್ಲಿ ಸುಟ್ಟ ನಾರಾದ ತೊದಾಯಿಜಿ ದೇವಾಲಯವನ್ನು ಮತ್ತೆ ಕಟ್ಟಿಸುವ ಹೊಣೆ ಹೊತ್ತ ಚೋಗೆನ್ ಎಂಬ ಭಿಕ್ಷು ಈ ತಂತ್ರವನ್ನು ಚೀನಾದ ಕಟ್ಟಡಗಳಿಂದ ತಂದು ದೊಡ್ಡ ಪ್ರಮಾಣದಲ್ಲಿ ಬಳಸಿದ. 1199ರಲ್ಲಿ ಎದ್ದ ತೊದಾಯಿಜಿಯ ದಕ್ಷಿಣ ಮಹಾದ್ವಾರ ಇಂದಿಗೂ ಹಾಗೇ ಇದೆ. ಅದರ ಕೆಳಗೆ ನಿಂತು ಮೇಲೆ ನೋಡಿದರೆ ಸುಮಾರು 25 ಮೀಟರ್ ಎತ್ತರದ ದ್ವಾರದ ಇಡೀ ಹಂದರ ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಕ್ಯೋಟೊದ ಕಿಯೋಮಿಜು ದೇವಾಲಯದ 13 ಮೀಟರ್ ಎತ್ತರದ ವೇದಿಕೆಯೂ ಇದೇ ತಂತ್ರದ ಮೇಲೆ ನಿಂತಿದೆ. 1633ರಲ್ಲಿ ಮರಳಿ ಕಟ್ಟಿದ ಆ ವೇದಿಕೆಯ ಅಡಿಯಲ್ಲಿ ಕಂಬದಾಚೆ ಚಾಚಿದ ಅಡ್ಡಪಟ್ಟಿಗಳ ತುದಿಗೆ ಮಳೆ ತಾಗದಂತೆ ಪುಟ್ಟ ಹಲಗೆಯ ಮುಚ್ಚಿಗೆ ಹೊಡೆದಿದ್ದಾರೆ. ಮರದ ತುದಿಯೇ ಮೊದಲು ನೀರು ಕುಡಿಯುವುದು. ಮುಚ್ಚಿಗೆ ಹಾಳಾದರೆ ಅದನ್ನಷ್ಟೇ ಬದಲಿಸಿದರಾಯಿತು.

ಮೊಳೆಗಿಂತ ಕೀಲು ನಂಬಿದವರು

‘ಒಂದೂ ಮೊಳೆ ಇಲ್ಲದೆ ಕಟ್ಟಿದ್ದು’ ಎಂಬ ಮಾತು ಜಪಾನಿನ ಕಟ್ಟಡಗಳ ಬಗ್ಗೆ ಎಲ್ಲೆಡೆ ಕೇಳಿಬರುತ್ತದೆ. ಅದು ಪೂರ್ತಿ ನಿಜವಲ್ಲ. ಏಳನೇ ಶತಮಾನದ ಹೋರ್ಯೂಜಿ ದೇವಾಲಯದಲ್ಲೇ ಕುಲುಮೆಯಲ್ಲಿ ಬಡಿದು ಮಾಡಿದ ಕಬ್ಬಿಣದ ಮೊಳೆಗಳಿವೆ. ಆದರೆ ಭಾರ ಹೊರುವ ಮುಖ್ಯ ಜಾಗಗಳಲ್ಲಿ ಮರಕ್ಕೆ ಮರವೇ ಆಧಾರ. ಕಬ್ಬಿಣ ತುಕ್ಕು ಹಿಡಿದರೆ ಸುತ್ತಲ ಮರವನ್ನೂ ಕೆಡಿಸುತ್ತದೆ. ಜತೆಗೆ, ಮೊಳೆ ಹೊಡೆದ ಜೋಡಣೆಯನ್ನು ಬಿಚ್ಚಬೇಕಾದರೆ ಮರ ಒಡೆಯಬೇಕಾಗುತ್ತದೆ. ಮರದ ಕೀಲನ್ನು ಬೆಣೆ ತೆಗೆದು ಕಳಚಬಹುದು.

‘ಕಾನಾವಾ’ ಎಂಬ ಜೋಡಣೆಯನ್ನು ಹತ್ತಿರದಿಂದ ನೋಡೋಣ. ಎರಡು ಮರಗಳ ತುದಿಯನ್ನು ಒಂದೇ ಅಚ್ಚಿನಲ್ಲಿ ತೆಗೆದಂತೆ ಕತ್ತರಿಸಿರುತ್ತಾರೆ. ಪ್ರತಿ ತುದಿಯೂ ಅರ್ಧ ದಪ್ಪಕ್ಕೆ ಉದ್ದವಾಗಿ ಇಳಿದು, ಮುಂದೆ ಒಂದು ಸಣ್ಣ ನಾಲಗೆಯಲ್ಲಿ ಮುಗಿಯುತ್ತದೆ. ಎದುರಿನ ಮರದಲ್ಲಿ ಆ ನಾಲಗೆ ಹೊಗುವ ಕಚ್ಚು ಇರುತ್ತದೆ. ಎರಡನ್ನೂ ಪಕ್ಕದಿಂದ ಸರಿಸಿ ಕೂಡಿಸಿದಾಗ ಸರಿಯಾಗಿ ನಡುವೆ ಒಂದು ಚೌಕದ ಕಿಂಡಿ ಉಳಿಯುತ್ತದೆ. ಅದಕ್ಕೆ ಗಟ್ಟಿ ಮರದ ಬೆಣೆ ಹೊಡೆದರೆ ಎರಡೂ ಮರಗಳು ಒಂದನ್ನೊಂದು ದೂಡಿಕೊಂಡು, ನಾಲಗೆಗಳು ಕಚ್ಚಿನೊಳಗೆ ನುಗ್ಗಿ ಬಿಗಿಯುತ್ತವೆ. ಎಳೆದರೂ ಬಾಗಿಸಿದರೂ ಬಿಡುವುದಿಲ್ಲ. ಬೆಣೆಯನ್ನು ಹಿಂದಿನಿಂದ ಬಡಿದು ತೆಗೆದರೆ ಸಲೀಸಾಗಿ ಕಳಚುತ್ತವೆ.

ಪಕ್ಕದಿಂದ ಸರಿಸಿ ಕೂಡಿಸಬಹುದು ಎಂಬುದೇ ಇಲ್ಲಿನ ದೊಡ್ಡ ಅನುಕೂಲ. ಕಂಬದ ಬುಡ ಕೊಳೆತಾಗ ಮೇಲಿನ ಮಾಡನ್ನು ಕೆಡವದೆ, ಕಂಬವನ್ನು ಆನಿಸಿ ಹಿಡಿದು, ಕೊಳೆತ ಭಾಗವನ್ನಷ್ಟೇ ಕತ್ತರಿಸಿ ಹೊಸ ಬುಡ ಸೇರಿಸಬಹುದು. ಈ ಕೆಲಸಕ್ಕೆ ‘ನೆತ್ಸುಗಿ’ ಎನ್ನುತ್ತಾರೆ. ಒಸಾಕಾ ಕೋಟೆಯ ಮುಖ್ಯದ್ವಾರದ ಒಂದು ಕಂಬದಲ್ಲಿ ಹೀಗೆ ಸೇರಿಸಿದ ಬುಡವಿದೆ. ಅದರ ಎರಡು ಎದುರುಬದುರು ಮುಖಗಳಲ್ಲಿ ಜೋಡಣೆಯ ಗೆರೆ ಪಾರಿವಾಳದ ಬಾಲದಂತೆ ಅಗಲವಾಗಿದೆ. ಉಳಿದೆರಡು ಮುಖಗಳಲ್ಲಿ ಬೆಟ್ಟದ ಕೋಡಿನಂತೆ ಚೂಪಾಗಿದೆ. ಮೇಲಿನಿಂದ ಇಳಿಸಲೂ ಬಾರದು, ಪಕ್ಕದಿಂದ ನೂಕಲೂ ಬಾರದು ಎಂದು ತೋರುವ ಈ ಜೋಡಣೆ ಬಹುಕಾಲ ಒಗಟಾಗಿಯೇ ಉಳಿದಿತ್ತು. 1983ರಲ್ಲಿ ಎಕ್ಸ್‌ರೇ ತೆಗೆದಾಗ ಉತ್ತರ ಸಿಕ್ಕಿತು: ಒಳಗಿನ ಕಚ್ಚುಗಳು ಓರೆಯಾಗಿದ್ದವು, ಬುಡವನ್ನು ಓರೆಯಾಗಿ ಮೇಲಕ್ಕೆ ಸರಿಸಿ ಕೂಡಿಸಿದ್ದರು. 

ಸೂರು ಮತ್ತು ನಡುಗಂಬ

ಮಳೆ ಗೋಡೆಗೂ ಕಂಬಕ್ಕೂ ತಾಗಬಾರದೆಂದರೆ ಸೂರು ಮುಂದೆ ಚಾಚಬೇಕು. ಚಾಚಿದಷ್ಟೂ ಅದರ ಭಾರ ಹೊರುವುದು ಕಷ್ಟ. ಇದಕ್ಕೆ ಚೀನಾ, ಕೊರಿಯಾಗಳಿಂದ ಬಂದ ಪರಿಹಾರ ಕಂಬದ ತಲೆಯ ಮೇಲಿನ ಬೋದಿಗೆಗಳ ಸಾಲು. ಒಂದು ಮರದ ತುಂಡಿನ ಮೇಲೆ ಅಡ್ಡತೋಳು, ಅದರ ತುದಿಗಳಲ್ಲಿ ಮತ್ತೆ ತುಂಡುಗಳು, ಅವುಗಳ ಮೇಲೆ ಇನ್ನಷ್ಟು ಮುಂದೆ ಚಾಚಿದ ತೋಳು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮುಂದೆ ಹೋಗಿ ಸೂರಿನ ಭಾರವನ್ನು ಹಿಡಿದು ಕಂಬಕ್ಕೆ ದಾಟಿಸುತ್ತವೆ. ಭೂಮಿ ಅಲುಗಿದಾಗ ಈ ನೂರಾರು ತುಂಡುಗಳು ಒಂದರ ಮೇಲೊಂದು ಉಜ್ಜಾಡುತ್ತವೆ. ಆ ಉಜ್ಜಾಟದಲ್ಲಿ ಕಂಪನದ ಬಲ ಸ್ವಲ್ಪ ಸ್ವಲ್ಪವೇ ಕರಗುತ್ತದೆ.

ಪಗೋಡಾಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಪಗೋಡಾದ ಮೂಲ ನಮ್ಮ ಸ್ತೂಪ. ಬುದ್ಧನ ಧಾತುವನ್ನು ಇಟ್ಟು ಪೂಜಿಸುವ ಗುಮ್ಮಟ ಭಾರತದಿಂದ ಹೊರಟು ಚೀನಾ, ಕೊರಿಯಾ ದಾಟಿ ಜಪಾನಿಗೆ ತಲುಪುವಷ್ಟರಲ್ಲಿ ಹಲವು ಮಾಡುಗಳ ಮರದ ಗೋಪುರವಾಯಿತು. ಸ್ತೂಪದ ನೆತ್ತಿಯ ಛತ್ರಗಳು ಅಲ್ಲಿ ಲೋಹದ ಬಳೆಗಳ ಉದ್ದನೆಯ ಕಳಶವಾಗಿ ಉಳಿದಿವೆ. ಭಾರತದಿಂದ ಹೋದದ್ದು ರೂಪ ಮಾತ್ರವಲ್ಲ. 752ರಲ್ಲಿ ತೊದಾಯಿಜಿಯ ಮಹಾಬುದ್ಧನ ಮೂರ್ತಿಗೆ ಕಣ್ಣು ಬರೆದು ಪ್ರತಿಷ್ಠೆ ಮಾಡಿದವರು ಬೋಧಿಸೇನ ಎಂಬ ಭಾರತೀಯ ಭಿಕ್ಷು.

ಹೋರ್ಯೂಜಿಯ ಐದಂತಸ್ತಿನ ಪಗೋಡಾ ಇಂದು ಉಳಿದಿರುವ ಮರದ ಪಗೋಡಾಗಳಲ್ಲೆಲ್ಲ ಹಳೆಯದು. ಆ ದೇವಾಲಯದ ಪಶ್ಚಿಮ ಪ್ರಾಂಗಣದ ಕಟ್ಟಡಗಳು ಜಗತ್ತಿನಲ್ಲೇ ಅತ್ಯಂತ ಹಳೆಯ ಮರದ ಕಟ್ಟಡಗಳೆಂದು ಹೆಸರಾಗಿವೆ. ಪಗೋಡಾದ ನಟ್ಟನಡುವೆ ತಳದಿಂದ ತುದಿಯವರೆಗೆ ಒಂದು ಕಂಬವಿದೆ, ‘ಶಿನ್‌ಬಾಶಿರಾ’. ಅದರ ಮರದ ಉಂಗುರಗಳನ್ನು ಎಣಿಸಿದಾಗ ಮರ ಕಡಿದದ್ದು 594ರಲ್ಲಿ ಎಂದು ತಿಳಿಯಿತು. ಈ ಕಂಬ ಅಂತಸ್ತುಗಳ ಭಾರ ಹೊರುವುದಿಲ್ಲ, ಕಳಶವನ್ನಷ್ಟೇ ಹೊರುತ್ತದೆ. ಅಂತಸ್ತುಗಳು ಅದರ ಸುತ್ತ ಒಂದರ ಮೇಲೊಂದು ಬೇರೆಬೇರೆಯಾಗಿ ಕೂತಿವೆ. ಭೂಕಂಪವಾದಾಗ ಒಂದೊಂದು ಅಂತಸ್ತೂ ತನ್ನಷ್ಟಕ್ಕೆ ತೊನೆಯುತ್ತದೆ. ನಡುಗಂಬ ಆ ತೊನೆತ ಮಿತಿಮೀರದಂತೆ ತಡೆಯುತ್ತದೆ ಎಂಬುದು ಬಹಳ ಎಂಜಿನಿಯರುಗಳ ವಿವರಣೆ.

ನಿಕ್ಕೊ ಊರಿನ ತೋಶೋಗು ದೇಗುಲದ 1818ರ ಪಗೋಡಾದಲ್ಲಿ ನಡುಗಂಬ ನೆಲವನ್ನೇ ಮುಟ್ಟುವುದಿಲ್ಲ. ನಾಲ್ಕನೇ ಅಂತಸ್ತಿನಿಂದ ಸರಪಳಿಯಲ್ಲಿ ತೂಗುತ್ತದೆ. ಮರದ ಅಂತಸ್ತುಗಳು ವರ್ಷಗಳಾದಂತೆ ಒಣಗಿ, ಅಮರಿ, ಒಟ್ಟು ಎತ್ತರ ಕುಗ್ಗುತ್ತದೆ. ನೆಲಕ್ಕೆ ನಾಟಿದ ಕಂಬವಾದರೆ ಮಾಡನ್ನು ಭೇದಿಸಿ ಮೇಲೆ ಬಂದುಬಿಡುತ್ತದೆ. ತೂಗುವ ಕಂಬ ಗೋಪುರದ ಜತೆಗೇ ಇಳಿಯುತ್ತದೆ. 2012ರಲ್ಲಿ ತೆರೆದ 634 ಮೀಟರ್ ಎತ್ತರದ ಟೋಕಿಯೊ ಸ್ಕೈಟ್ರೀಯ ನಡುವೆಯೂ ಹೊರಗಿನ ಚೌಕಟ್ಟಿನಿಂದ ಬೇರೆಯಾಗಿ ತೊನೆಯುವ ಕಾಂಕ್ರೀಟು ಕಂಬವಿದೆ. ಅದನ್ನು ಕಟ್ಟಿದವರು ಆ ವ್ಯವಸ್ಥೆಯನ್ನು ಶಿನ್‌ಬಾಶಿರಾ ಹೆಸರಿನಿಂದಲೇ ಕರೆದಿದ್ದಾರೆ.

ತೊಗಟೆಯ ಮಾಡು, ಹುಲ್ಲಿನ ಮಾಡು

ಹಂಚು ಮಾಡುವ ಕುಶಲಕರ್ಮಿಗಳು ಆರನೇ ಶತಮಾನದ ಕೊನೆಯಲ್ಲಿ ಕೊರಿಯಾದ ಬೆಕ್ಜೆ ರಾಜ್ಯದಿಂದ ಬೌದ್ಧ ದೇವಾಲಯ ಕಟ್ಟುವ ಕೆಲಸಕ್ಕೆಂದು ಬಂದರು. ಆದರೂ ಜಪಾನಿನ ದೇಶೀ ಧರ್ಮವಾದ ಶಿಂತೊದ ದೇಗುಲಗಳೂ ಅರಮನೆಗಳೂ ಹಿನೋಕಿಯ ತೊಗಟೆಯ ಮಾಡನ್ನು ಬಿಡಲಿಲ್ಲ. ಈ ತೊಗಟೆಗಾಗಿ ಮರ ಕಡಿಯುವುದಿಲ್ಲ. ಎಪ್ಪತ್ತು ಎಂಬತ್ತು ವರ್ಷ ದಾಟಿದ ಮರವನ್ನು ಆರಿಸಿ, ಹಗ್ಗದ ಆಧಾರದಲ್ಲಿ ಹತ್ತಿ, ಮರದ ಚಪ್ಪಟೆ ಪಟ್ಟಿಯಿಂದ ಹೊರತೊಗಟೆಯನ್ನಷ್ಟೇ ಎಬ್ಬಿಸುತ್ತಾರೆ. ಒಳಪದರಕ್ಕೆ ಗಾಯವಾಗಬಾರದು. ಎಂಟು ಹತ್ತು ವರ್ಷ ಬಿಟ್ಟರೆ ಅದೇ ಮರ ಮತ್ತೆ ತೊಗಟೆ ಕೊಡುತ್ತದೆ, ಮೊದಲಿಗಿಂತ ಚೆನ್ನಾಗಿರುವ ತೊಗಟೆ. ಮಾಡು ಹೊದಿಸುವವರು ಬಿದಿರಿನ ಸಣ್ಣ ಮೊಳೆಗಳನ್ನು ಬಾಯಿ ತುಂಬ ಇಟ್ಟುಕೊಂಡು, ನಾಲಗೆಯಿಂದ ಒಂದೊಂದನ್ನೇ ತುಟಿಗೆ ತಂದು, ತೊಗಟೆಯ ಪದರಗಳನ್ನು ಸ್ವಲ್ಪ ಸ್ವಲ್ಪವೇ ಹಿಂದೆ ಸರಿಸುತ್ತ ಹೊಡೆಯುತ್ತ ಹೋಗುತ್ತಾರೆ. ಇಂಥ ಮಾಡು ಮೂವತ್ತು ನಲವತ್ತು ವರ್ಷ ಬರುತ್ತದೆ. ಕಿಯೋಮಿಜು ದೇವಾಲಯದ ಮುಖ್ಯ ಮಂದಿರದ ಮಾಡನ್ನು 2017ರಿಂದ 2020ರ ನಡುವೆ ಹೀಗೇ ಹೊಸದಾಗಿ ಹೊದಿಸಿದರು.

ರೈತರ ಮನೆಗಳ ಮಾಡು ಹುಲ್ಲಿನದು. ನಮ್ಮ ಕರಾವಳಿಯ ಮುಳಿಹುಲ್ಲಿನ ಮಾಡನ್ನು ಕಂಡವರಿಗೆ ಅದರ ಅಂದಾಜು ಸಿಗುತ್ತದೆ, ದಪ್ಪ ಮಾತ್ರ ಹಲವು ಪಾಲು ಹೆಚ್ಚು. 1995ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಶಿರಾಕಾವಾಗೊ, ಗೋಕಾಯಾಮಾ ಹಳ್ಳಿಗಳಲ್ಲಿ ಈ ಮಾಡುಗಳು ಕೈಮುಗಿದಂತೆ ಕಡಿದಾಗಿ, ಸುಮಾರು 60 ಡಿಗ್ರಿ ಇಳಿಜಾರಿನಲ್ಲಿ ನಿಂತಿವೆ. ಚಳಿಗಾಲದಲ್ಲಿ ಬೀಳುವ ರಾಶಿ ರಾಶಿ ಹಿಮ ಜಾರಿಹೋಗಲು ಅಷ್ಟು ಕಡಿದು ಬೇಕು. ಮನೆಯ ಕೆಳಭಾಗವನ್ನು ಬಡಗಿಗಳು ಕಟ್ಟಿದರೆ ಮಾಡಿನ ಹಂದರ ಊರವರದೇ ಕೆಲಸ. ಅಲ್ಲಿ ಮೊಳೆ ಬಳಸುವುದಿಲ್ಲ. ಎಳೆ ಮರದ ಕೊಂಬೆಗಳನ್ನು ಹಿಸುಕಿ ಮೆತ್ತಗೆ ಮಾಡಿ ಹಗ್ಗದಂತೆ ಸುತ್ತಿ ಕಟ್ಟುತ್ತಾರೆ. ಒಣಗಿದಂತೆಲ್ಲ ಅವು ಬಿಗಿಯುತ್ತವೆ. ದೊಡ್ಡ ಪಕಾಸಿಗಳ ಬುಡವನ್ನು ಪೆನ್ಸಿಲಿನ ಹಾಗೆ ಚೂಪು ಮಾಡಿ ತೊಲೆಯ ಗುಳಿಯಲ್ಲಿ ಸುಮ್ಮನೆ ಕೂರಿಸಿರುತ್ತಾರೆ. ಗಾಳಿ ಬೀಸಿದಾಗ, ಹಿಮದ ಭಾರ ಒಂದೇ ಕಡೆ ಬಿದ್ದಾಗ ಮಾಡು ಕೊಂಚ ವಾಲಿ ಮತ್ತೆ ಸರಿಯಾಗುತ್ತದೆ.

ಒಳಗೆ ನಡುಮನೆಯ ಅಗ್ಗಿಷ್ಟಿಕೆಯ ಹೊಗೆ ದಿನವೂ ಮೇಲೇರಿ ಹುಲ್ಲನ್ನೂ ಕಟ್ಟುಗಳನ್ನೂ ಹುಳುವಿನಿಂದ ಕಾಯುತ್ತಿತ್ತು. ಅಟ್ಟದ ಬೆಚ್ಚಗಿನ ಜಾಗದಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಮೂವತ್ತು ನಲವತ್ತು ವರ್ಷಕ್ಕೊಮ್ಮೆ ಹುಲ್ಲು ಬದಲಿಸುವಾಗ ಇಡೀ ಊರೇ ಕೂಡುತ್ತದೆ. ಇದು ಮುಯ್ಯಾಳಿನ ಲೆಕ್ಕ: ಇವತ್ತು ನಿಮ್ಮ ಮನೆಗೆ ನಾವು, ಇನ್ನೊಂದು ವರ್ಷ ನಮ್ಮ ಮನೆಗೆ ನೀವು. ನೂರಕ್ಕೂ ಹೆಚ್ಚು ಜನ ಮಾಡಿನ ಮೇಲೆ ಸಾಲಾಗಿ ನಿಂತು ಒಂದೆರಡು ದಿನಗಳಲ್ಲಿ ಒಂದು ಪಕ್ಕವನ್ನು ಹೊದಿಸಿ ಮುಗಿಸುತ್ತಾರೆ. ತೆಗೆದ ಹಳೆಯ ಹುಲ್ಲು ಹೊಲಕ್ಕೆ ಗೊಬ್ಬರ. ಅದೇ ಪ್ರದೇಶದಲ್ಲಿ 1961ರಲ್ಲಿ ಪೂರ್ತಿಯಾದ ಮಿಬೊರೊ ಅಣೆಕಟ್ಟಿನಿಂದ ಮುಳುಗಲಿದ್ದ ಯಾನೊಹಾರಾ ಮನೆತನದ ದೊಡ್ಡ ಮನೆಯನ್ನು ಕಳಚಿ, ಯೋಕೊಹಾಮಾದ ಸಾಂಕೆಯ್‌ಎನ್ ತೋಟಕ್ಕೆ ಸಾಗಿಸಿ ಮತ್ತೆ ನಿಲ್ಲಿಸಿದರು. ಬಿಚ್ಚಲು ಬರುವ ಮನೆ ಊರು ಮುಳುಗಿದಾಗಲೂ ಉಳಿಯಿತು.

ಚಾಪೆಯ ಅಳತೆ, ಕಾಗದದ ಗೋಡೆ

ಭಾರವನ್ನೆಲ್ಲ ಕಂಬಗಳೇ ಹೊರುವುದರಿಂದ ಗೋಡೆಗೆ ಹೊರುವ ಕೆಲಸ ಕಡಿಮೆ. ಕಂಬದಿಂದ ಕಂಬಕ್ಕೆ ಇರುವ ಜಾಗವನ್ನು ಸರಿಸುವ ಬಾಗಿಲುಗಳಿಂದ ಮುಚ್ಚಬಹುದು, ಬೇಕೆಂದಾಗ ಬಾಗಿಲುಗಳನ್ನು ಜಾಡಿನಿಂದ ಎತ್ತಿ ತೆಗೆದಿಟ್ಟು ನಾಲ್ಕು ಕೋಣೆಗಳನ್ನು ಒಂದು ಹಜಾರ ಮಾಡಬಹುದು. ಹೊರಬದಿಗೆ ‘ಶೋಜಿ’: ತೆಳ್ಳನೆಯ ಮರದ ಜಾಲರಿಗೆ ಒಂದು ಕಡೆಯಿಂದ ಕೈಕಾಗದ ಅಂಟಿಸಿದ್ದು, ಬೆಳಕನ್ನು ಮೆತ್ತಗೆ ಮಾಡಿ ಒಳಗೆ ಬಿಡುತ್ತದೆ. ಕೋಣೆ ಕೋಣೆಗಳ ನಡುವೆ ‘ಫುಸುಮಾ’: ಎರಡೂ ಕಡೆ ದಪ್ಪ ಕಾಗದ ಹೊದಿಸಿದ್ದು, ಹಲವು ಮನೆಗಳಲ್ಲಿ ಚಿತ್ರ ಬರೆದದ್ದು. ಶೋಜಿಯ ಕಾಗದವನ್ನು ವರ್ಷದ ಕೊನೆಯ ಮನೆ ಶುಚಿಯ ಹೊತ್ತಿಗೆ ಬದಲಿಸುವ ರೂಢಿಯಿದೆ. ಅಂಟು ಅಕ್ಕಿ ಗಂಜಿಯಂಥ ಪಿಷ್ಟದ್ದಾದ್ದರಿಂದ ನೀರು ಚಿಮುಕಿಸಿದರೆ ಹಳೆಯ ಕಾಗದ ಸುಲಿದು ಬರುತ್ತದೆ. ನಡುವೆ ಮಗು ಬೆರಳು ತೂರಿಸಿ ತೂತು ಮಾಡಿದರೆ ಹೂವಿನ ಆಕಾರದ ಕಾಗದದ ಚೂರು ಅಂಟಿಸುತ್ತಾರೆ.

ನೆಲದ ಮೇಲೆ ‘ತತಾಮಿ’. ಭತ್ತದ ಹುಲ್ಲನ್ನು ಒತ್ತಿ ಹೊಲಿದ ದಪ್ಪ ಹಾಸಿಗೆ, ಮೇಲೆ ಜೊಂಡಿನ ನೇಯ್ಗೆ, ಉದ್ದದ ಅಂಚುಗಳಿಗೆ ಬಟ್ಟೆಯ ಪಟ್ಟಿ. ಒಂದು ತತಾಮಿ ಸುಮಾರು 90 ಸೆಂ.ಮೀ. ಅಗಲ, 180 ಸೆಂ.ಮೀ. ಉದ್ದ. ಕ್ಯೋಟೊದ್ದು ಕೊಂಚ ದೊಡ್ಡದು, ಟೋಕಿಯೊದ್ದು ಚಿಕ್ಕದು. ಕೋಣೆಯನ್ನು ಇಂದಿಗೂ ಆರು ಚಾಪೆಯದು, ಎಂಟು ಚಾಪೆಯದು ಎಂದೇ ಹೇಳುತ್ತಾರೆ. ಕಂಬಗಳ ಅಂತರ, ಬಾಗಿಲಿನ ಅಗಲ, ಚಾಪೆಯ ಉದ್ದ ಎಲ್ಲ ಒಂದೇ ಲೆಕ್ಕಕ್ಕೆ ಹೊಂದುವುದರಿಂದ ಒಂದು ಕಡೆ ಮಾಡಿದ್ದು ಇನ್ನೊಂದು ಕಡೆ ಕೂರುತ್ತದೆ. ಎಡೊ ಕಾಲದ (17–19ನೇ ಶತಮಾನ) ಒಸಾಕಾದಲ್ಲಿ ಬಾಡಿಗೆ ಮನೆಯೆಂದರೆ ಬರಿಯ ಚೌಕಟ್ಟು. ಬಾಡಿಗೆದಾರರು ತತಾಮಿ, ಬಾಗಿಲುಗಳನ್ನು ತಮ್ಮವೇ ತಂದು ಹಾಕಿಕೊಂಡು, ಮನೆ ಬಿಡುವಾಗ ಹೊತ್ತುಕೊಂಡು ಹೋಗುತ್ತಿದ್ದರು. ತತಾಮಿಯ ಮೇಲ್ಮೈ ಸವೆದರೆ ಮೊದಲು ಅದನ್ನು ಮಗುಚಿ ಹಾಕುತ್ತಾರೆ, ಆ ಮಗ್ಗುಲೂ ಸವೆದರೆ ನೇಯ್ಗೆಯನ್ನು ಬದಲಿಸುತ್ತಾರೆ, ಒಳಗಿನ ಹಾಸಿಗೆಯೇ ಕೆಟ್ಟಾಗ ಮಾತ್ರ ಹೊಸ ತತಾಮಿ.

ಕೋಣೆಗೂ ತೋಟಕ್ಕೂ ನಡುವೆ ‘ಎನ್‌ಗಾವಾ’ ಎಂಬ ಹಲಗೆಯ ಜಗಲಿ. ಬೇಸಿಗೆಯ ನೆತ್ತಿಯ ಬಿಸಿಲನ್ನು ಸೂರು ತಡೆಯುತ್ತದೆ, ಚಳಿಗಾಲದ ತಗ್ಗಿನ ಬಿಸಿಲನ್ನು ಒಳಗೆ ಬಿಡುತ್ತದೆ. ಮನೆ ಕಟ್ಟುವಾಗ ಬೇಸಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಬೇಕೆಂದು ಹದಿನಾಲ್ಕನೇ ಶತಮಾನದ ಭಿಕ್ಷು, ಲೇಖಕ ಯೋಶಿದಾ ಕೆಂಕೊ ಬರೆದಿಟ್ಟಿದ್ದಾನೆ. ಮುಖ್ಯ ಕೋಣೆಯಲ್ಲಿ ‘ತೊಕೊನೊಮಾ’ ಎಂಬ ಗೂಡುಮೂಲೆ: ಒಂದು ಸುರುಳಿ ಚಿತ್ರ, ಒಂದು ಹೂಜೋಡಣೆ, ಅಷ್ಟೆ. ಋತು ಬದಲಾದಂತೆ ಅವೂ ಬದಲಾಗುತ್ತವೆ. ಕ್ಯೋಟೊದ ಗಿಂಕಾಕುಜಿಯಲ್ಲಿ 1486ರ ತೋಗುದೊ ಎಂಬ ಮಂದಿರವಿದೆ. ಅದರ ನಾಲ್ಕೂವರೆ ಚಾಪೆಯ ಪುಟ್ಟ ಓದುಕೋಣೆ ಈ ಬಗೆಯ ಒಳಾಂಗಣಕ್ಕೆ ತೀರ ಹಳೆಯ ಮಾದರಿ. ಮುಂದಿನ ಶತಮಾನದಲ್ಲಿ ಚಹಾಗುರು ಸೆನ್ ನೊ ರಿಕ್ಯು ಚಹಾಕೋಣೆಯನ್ನು ಎರಡೇ ಚಾಪೆಗೆ ಇಳಿಸಿದ. ಸುಮಾರು 66 ಸೆಂ.ಮೀ. ಚೌಕದ ಬಾಗಿಲಿನಲ್ಲಿ ತಲೆತಗ್ಗಿಸಿ ನುಸುಳಬೇಕು. ಸಮುರಾಯಿಯಾದರೂ ಕತ್ತಿಯನ್ನು ಹೊರಗಿಡಲೇಬೇಕು. ಅವನದೆಂದು ಹೇಳುವ ತಾಯ್‌ಆನ್ ಚಹಾಕೋಣೆ ಕ್ಯೋಟೊ ಬಳಿಯ ಯಾಮಾಜಾಕಿಯಲ್ಲಿ ಈಗಲೂ ಇದೆ.

ಮರವನ್ನು ಬೆಟ್ಟದಲ್ಲಿ ಕೊಳ್ಳಬೇಕು

ದೇವಾಲಯದ ಬಡಗಿಗಳನ್ನು ‘ಮಿಯಾದಾಯಿಕು’ ಎನ್ನುತ್ತಾರೆ. ಕಳೆದ ಶತಮಾನದಲ್ಲಿ ಅವರಲ್ಲಿ ದೊಡ್ಡ ಹೆಸರು ನಿಶಿಯೋಕಾ ತ್ಸುನೆಕಾಜು (1908–1995). ಅವರದು ಹೋರ್ಯೂಜಿಯನ್ನು ನೋಡಿಕೊಳ್ಳುತ್ತ ಬಂದ ಬಡಗಿ ಮನೆತನ. ತಾತನ ಕೈಕೆಳಗೆ ಕೆಲಸ ಕಲಿತವರು. ಮರವನ್ನು ದಿಮ್ಮಿಯಾಗಿ ಕೊಳ್ಳಬೇಡ, ಬೆಟ್ಟವನ್ನೇ ಕೊಳ್ಳು ಎಂಬುದು ಆ ಮನೆತನದ ನಿಯಮ. ದಕ್ಷಿಣದ ಇಳಿಜಾರಿನಲ್ಲಿ ಬಿಸಿಲುಂಡು ಬೆಳೆದ ಮರದಲ್ಲಿ ಗಂಟು ಹೆಚ್ಚು. ಅದನ್ನು ಕಟ್ಟಡದ ದಕ್ಷಿಣಕ್ಕೇ ಬಳಸಬೇಕು. ಎಡಕ್ಕೆ ತಿರುಚಿಕೊಳ್ಳುವ ಮರಕ್ಕೆ ಎದುರಾಗಿ ಬಲಕ್ಕೆ ತಿರುಚುವ ಮರ ಹಾಕಿದರೆ ಎರಡರ ಹಟವೂ ಒಂದನ್ನೊಂದು ಹಿಡಿದು ಕಟ್ಟಡ ಗಟ್ಟಿಯಾಗುತ್ತದೆ.

ಯಾಕುಶಿಜಿಯ ಪಶ್ಚಿಮ ಗೋಪುರ 1528ರಲ್ಲಿ ಸುಟ್ಟುಹೋಗಿತ್ತು. ಅದನ್ನು ಮತ್ತೆ ಕಟ್ಟಲು ಮಠಾಧಿಪತಿ ತಾಕಾದಾ ಕೋಯಿನ್ ಸಾಮಾನ್ಯ ಜನರಿಂದ ಬೌದ್ಧ ಸೂತ್ರವನ್ನು ನಕಲು ಬರೆಸಿ, ಒಂದೊಂದು ಪ್ರತಿಗೂ ಕಾಣಿಕೆ ಪಡೆದು ಹಣ ಕೂಡಿಸಿದರು. ಕೆಲಸದ ಮೇಲುಸ್ತುವಾರಿ ನಿಶಿಯೋಕಾ ಅವರದು. ಅಷ್ಟು ದೊಡ್ಡ ಹಿನೋಕಿ ಜಪಾನಿನ ಕಾಡುಗಳಲ್ಲಿ ಆಗಲೇ ಮುಗಿದಿದ್ದರಿಂದ ತೈವಾನಿನ ಬೆಟ್ಟಗಳಿಂದ ಮರ ತರಿಸಬೇಕಾಯಿತು. ಯಂತ್ರದಿಂದ ಕೀಸಿದ ಮರದ ಮೈಯಲ್ಲಿ ನೀರು ನಿಲ್ಲುತ್ತದೆಂದು, ಬಳಕೆ ತಪ್ಪಿಹೋಗಿದ್ದ ಈಟಿಯಾಕಾರದ ಕೀಸುಳಿಯನ್ನು ಮತ್ತೆ ಮಾಡಿಸಿ ಬಳಸಿದರು. 1981ರಲ್ಲಿ ಗೋಪುರ ಪೂರ್ತಿಯಾದಾಗ ಅದು ಹಳೆಯ ಪೂರ್ವ ಗೋಪುರಕ್ಕಿಂತ ಸುಮಾರು ಒಂದಡಿ ಎತ್ತರವಾಗಿತ್ತು. ಶತಮಾನಗಳ ಭಾರಕ್ಕೆ ಮರ ಅಮರಿ ಎರಡೂ ಸಮವಾಗುತ್ತವೆ ಎಂಬ ಲೆಕ್ಕ ಅದರ ಹಿಂದಿತ್ತು.

ಸೋತ ಕಡೆ

ಈ ಪರಂಪರೆಯನ್ನು ಮೆಚ್ಚುವವರು ಅದು ಸೋತ ಜಾಗಗಳನ್ನೂ ನೋಡಬೇಕು. 1995ರ ಕೋಬೆ ಭೂಕಂಪದಲ್ಲಿ 6,400ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹಳ ಮಂದಿ ಭಾರದ ಹಂಚಿನ ಹಳೆಯ ಮರದ ಮನೆಗಳಡಿ ಸಿಕ್ಕಿಕೊಂಡವರು. ಗೆದ್ದಲು ತಿಂದ, ದುರಸ್ತಿ ಕಾಣದ ಕಂಬಗಳು ತಾಳಲಿಲ್ಲ. ಸವೆದದ್ದನ್ನು ಬದಲಿಸುತ್ತಲೇ ಇರಬೇಕೆಂಬ ಕರಾರಿನ ಮೇಲೆ ಕಟ್ಟಿದ ಮನೆಯನ್ನು ಬದಲಿಸದೆ ಬಿಟ್ಟರೆ ಅದು ಅಪಾಯವೇ. ಬೆಂಕಿಯಂತೂ ಮರದ ಹುಟ್ಟುಶತ್ರು. 1949ರ ಜನವರಿ 26ರಂದು ಹೋರ್ಯೂಜಿಯ ಮುಖ್ಯ ಮಂದಿರಕ್ಕೆ ಬೆಂಕಿ ಬಿದ್ದು, ಅಜಂತಾದ ಚಿತ್ರಗಳೊಡನೆ ಹೋಲಿಸಿ ಮಾತಾಡುವ ಅದರ ಭಿತ್ತಿಚಿತ್ರಗಳು ಕರಕಲಾದವು. ದುರಸ್ತಿಗೆಂದು ಮಂದಿರದ ಮೇಲ್ಭಾಗವನ್ನು ಅಷ್ಟರಲ್ಲಾಗಲೇ ಕಳಚಿ ಬೇರೆಡೆ ಇಟ್ಟಿದ್ದರಿಂದ ಆ ಭಾಗ ಉಳಿಯಿತು. ಮರುವರ್ಷವೇ ಜಪಾನ್ ಸಾಂಸ್ಕೃತಿಕ ಆಸ್ತಿಗಳ ರಕ್ಷಣಾ ಕಾಯ್ದೆ ತಂದಿತು. ಜನವರಿ 26 ಅಲ್ಲಿ ಇಂದಿಗೂ ಪರಂಪರೆಯ ಕಟ್ಟಡಗಳ ಅಗ್ನಿಶಾಮಕ ತಾಲೀಮಿನ ದಿನ.

ಕಾಯ್ದೆ ದೊಡ್ಡ ದೇವಾಲಯಗಳನ್ನು ಕಾಯುತ್ತದೆ, ಸಣ್ಣ ಮನೆಗಳ ಕಥೆ ಬೇರೆ. ಕ್ಯೋಟೊದ ಬೀದಿಗೆ ಕಿರಿದಾಗಿ, ಒಳಗೆ ಉದ್ದಕ್ಕೆ ಹೋಗುವ ವ್ಯಾಪಾರಿಗಳ ಮರದ ಮನೆಗಳು 2016ರ ನಗರಸಭೆಯ ಸಮೀಕ್ಷೆಯ ವೇಳೆಗೆ ಸುಮಾರು 40,000 ಉಳಿದಿದ್ದವು. ಅದಕ್ಕೆ ಹಿಂದಿನ ವರ್ಷಗಳಲ್ಲಿ ದಿನಕ್ಕೆ ಎರಡರಂತೆ ಅವು ಕಣ್ಮರೆಯಾಗುತ್ತಿದ್ದವು. ಮಾಲೀಕರಿಗೆ ವಯಸ್ಸಾಗಿದೆ, ಕೆಲಸ ಬಲ್ಲ ಬಡಗಿಯ ಕೂಲಿ ಹೆಚ್ಚು, ಜಾಗಕ್ಕೆ ಬೆಲೆ ಬಂದಿದೆ.

ಕಟ್ಟಡಕ್ಕಿಂತ ಮೊದಲು ಕಾಡು

ಕಲ್ಲಿನ ಕಟ್ಟಡಗಳ ನಾಡುಗಳಲ್ಲಿ ಮೂಲ ವಸ್ತು ಎಷ್ಟು ಉಳಿದಿದೆ ಎಂಬುದೇ ಪರಂಪರೆಯ ಅಳತೆಯಾಗಿತ್ತು. ಮರದ ಕಟ್ಟಡಕ್ಕೆ ಆ ಅಳತೆ ಹೊಂದುವುದಿಲ್ಲ. ಈ ಚರ್ಚೆಗೆ 1994ರಲ್ಲಿ ನಾರಾದಲ್ಲೇ ತಜ್ಞರು ಸೇರಿ, ಆಯಾ ಸಂಸ್ಕೃತಿ ತನ್ನ ಕಟ್ಟಡಗಳನ್ನು ಹೇಗೆ ಉಳಿಸಿಕೊಂಡು ಬಂದಿದೆಯೋ ಆ ರೀತಿಗೂ ಬೆಲೆ ಕೊಡಬೇಕೆಂದು ಒಪ್ಪಿದರು. 2020ರಲ್ಲಿ ಯುನೆಸ್ಕೊ ಜಪಾನಿನ ಮರದ ವಾಸ್ತುವನ್ನು ಉಳಿಸುವ 17 ಕೌಶಲಗಳನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಬಡಗಿತನದ ಜತೆಗೆ ತೊಗಟೆ ಸುಲಿಯುವುದು, ಹುಲ್ಲು ಹೊದಿಸುವುದು, ಗಾರೆ ಬಳಿಯುವುದು, ತತಾಮಿ ಮಾಡುವುದು ಎಲ್ಲ ಅದರಲ್ಲಿವೆ.

ವಸ್ತುವಿಗಿಂತ ಕಟ್ಟುವ ರೀತಿಯನ್ನು ಉಳಿಸುವ ಈ ವಿಚಾರ ಅತ್ಯಂತ ಸ್ಪಷ್ಟವಾಗಿ ಕಾಣುವುದು ಇಸೆಯ ಮಹಾದೇಗುಲದಲ್ಲಿ. ಅಲ್ಲಿ ಕಂಬಗಳನ್ನು ಹಳೆಯ ಪದ್ಧತಿಯಂತೆ ನೆಲದಲ್ಲೇ ಹೂಳುತ್ತಾರೆ, ಮಾಡಿಗೆ ಹುಲ್ಲು ಹೊದಿಸುತ್ತಾರೆ. ಬಹುಕಾಲ ಬಾಳುವ ಕಟ್ಟಡವಲ್ಲ ಅದು. 690ರಿಂದ, ಯುದ್ಧಗಳ ಕಾಲದ ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳ ಬಿಡುವು ಬಿಟ್ಟರೆ, ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ಖಾಲಿ ನಿವೇಶನದಲ್ಲಿ ಅದನ್ನು ಹೊಸದಾಗಿ ಕಟ್ಟುವ ಸಂಪ್ರದಾಯ ನಡೆದುಬಂದಿದೆ. 2013ರದ್ದು 62ನೆಯ ಸಲ, ಮುಂದಿನದು 2033ಕ್ಕೆ. ಒಮ್ಮೆ ಸಹಾಯಕನಾಗಿ ದುಡಿದ ಹುಡುಗ ಮುಂದಿನ ಸಲಕ್ಕೆ ಮೇಸ್ತ್ರಿಯಾಗುವಷ್ಟು ಅಂತರ ಅದು. ಕಳಚಿದ ಮರವೂ ವ್ಯರ್ಥವಾಗುವುದಿಲ್ಲ: ಮಾಡಿನ ನೆತ್ತಿ ಹೊತ್ತ ದೊಡ್ಡ ಕಂಬಗಳು ದೇಗುಲದ ಹಾದಿಯ ಉಜಿ ಸೇತುವೆಯ ತುದಿಗಳಲ್ಲಿ ಹೆಬ್ಬಾಗಿಲಾಗಿ ನಿಲ್ಲುತ್ತವೆ, ಉಳಿದವು ನಾಡಿನ ಬೇರೆ ಬೇರೆ ದೇಗುಲಗಳಿಗೆ ಹೋಗುತ್ತವೆ.

ಪ್ರತಿ ಸಲವೂ ಸುಮಾರು ಹತ್ತು ಸಾವಿರ ಹಿನೋಕಿ ಮರ ಬೇಕು. ದೇಗುಲದ ಸ್ವಂತ ಕಾಡು ಶತಮಾನಗಳ ಹಿಂದೆಯೇ ಬರಿದಾಗಿ, ದೂರದ ಕಿಸೊ ಬೆಟ್ಟಗಳಿಂದ ಮರ ತರುತ್ತಿದ್ದರು. 1923ರಲ್ಲಿ ದೇಗುಲ ತನ್ನ ಕಾಡನ್ನು ಮತ್ತೆ ಬೆಳೆಸಲು 200 ವರ್ಷಗಳ ಯೋಜನೆ ಹಾಕಿತು. ತೊಂಬತ್ತು ವರ್ಷಗಳಾದ ಮೇಲೆ, 2013ರ ಕೆಲಸಕ್ಕೆ ಬೇಕಾದ ಮರದಲ್ಲಿ ಸುಮಾರು ಕಾಲು ಭಾಗ ಆ ಕಾಡಿನಿಂದಲೇ ಬಂತು.

ಜಪಾನಿಗೆ ಹೋಗುವ ಕನ್ನಡಿಗರು ಈಗ ಕಡಿಮೆಯಿಲ್ಲ. ಹೋದವರು ಕ್ಯೋಟೊದ ಹೊಳೆಯುವ ಚಿನ್ನದ ಮಂಟಪವನ್ನು ನೋಡಿ, ಫೋಟೊ ತೆಗೆದು ಬರುತ್ತಾರೆ. ಅದನ್ನೂ ನೋಡಿ. ಜತೆಗೆ ಯಾವುದಾದರೂ ಹಳೆಯ ದೇವಾಲಯದಲ್ಲಿ ಕಂಬದ ಬುಡವನ್ನು ಬಗ್ಗಿ ನೋಡಿ. ಹಳೆಯ ಮರಕ್ಕೆ ಬೇರೆ ಬಣ್ಣದ ಹೊಸ ಮರ ಸೇರಿಸಿದ ಗೆರೆ ಕಾಣುತ್ತದೆ. ಅದು ಕಟ್ಟಡದ ಕೊರತೆಯಲ್ಲ. ಕಾಡು ಬೆಳೆಸಿದವರು, ಉಳಿ ಹಿಡಿದವರು, ಖರ್ಚು ಕೊಟ್ಟವರು ತಲೆಮಾರಿನಿಂದ ತಲೆಮಾರಿಗೆ ಕೆಲಸ ಬಿಡದೆ ಬಂದದ್ದಕ್ಕೆ ಅದೇ ಸಾಕ್ಷಿ. ಹಳೆಯ ಕಟ್ಟಡವನ್ನು ಉಳಿಸಬೇಕೆನ್ನುವ ಯಾವ ನಾಡೇ ಆಗಲಿ, ಅದನ್ನು ಕಟ್ಟಬಲ್ಲ ಕೈಗಳನ್ನೂ ಅದಕ್ಕೆ ಬೇಕಾದ ಮರವನ್ನೂ ಮೊದಲು ಉಳಿಸಿಕೊಳ್ಳಬೇಕು.